ಸಹಾಯ ಬೇಕು: ಮೆಣಸಿನಕಾಯಿ, ಶೇಂಗಾ ಇಲ್ಲದ ಪುಂಡಿ ಪಲ್ಯ

ಎಲ್ಲರಿಗೂ ನಮಸ್ಕಾರ. ವಿಜಯಪುರದ ನಮ್ಮ ಮನೆಯ ಓದಿನ ಕೂಟದಲ್ಲಿ ಈಗ ಮಹಾಭಾರತದ ವನಪರ್ವ ನಡೆದಿದೆ. ದುರ್ವಾಸರು ಶಿಷ್ಯರೊಡನೆ ಬಂದಾಗ, ದ್ರೌಪದಿಯ ಊಟವಾಗಿ ಬರಿದಾಗಿದ್ದ ಅಕ್ಷಯಪಾತ್ರೆಯ ಕಂಠಕ್ಕೆ ಅಂಟಿದ್ದ ಒಂದಿಷ್ಟು ಸೊಪ್ಪನ್ನೂ ಅನ್ನದಗುಳನ್ನೂ ಕೃಷ್ಣ ತಿಂದು ತೃಪ್ತನಾಗುವ ಪ್ರಸಂಗ ನನ್ನನ್ನು ಬಹಳ ಕಾಡಿದೆ; ಅಲ್ಲಿ ಪವಾಡಕ್ಕಿಂತ, ಆಗಷ್ಟೇ ಉಂಡೆದ್ದ ಗೃಹಿಣಿಯ ಆತಂಕವೇ ದೊಡ್ಡದೆಂದು ನನಗನ್ನಿಸುತ್ತದೆ. ಆ ಭಾಗ ಓದುವ ದಿನ ಬಂದವರಿಗೆ ಜೋಳದ ರೊಟ್ಟಿಯೊಡನೆ ತಪ್ಪಲ (ಸೊಪ್ಪಿನ) ಪಲ್ಯವನ್ನೇ, ಅದರಲ್ಲೂ ಹುಳಿ ಸೊಪ್ಪಾದ ಪುಂಡಿಯದನ್ನೇ ಬಡಿಸುವ ಆಸೆಯಿದೆ. ಮೆಣಸಿನಕಾಯಿ, ಶೇಂಗಾ ಎರಡೂ 1492ರ ನಂತರವೇ ಅಮೆರಿಕ ಖಂಡದಿಂದ ಇತ್ತ ಬಂದವಾದ್ದರಿಂದ ಅವುಗಳನ್ನು ಬಿಟ್ಟು ಮಾಡಬೇಕೆಂದಿದ್ದೇನೆ.

ತೊಗರಿಬೇಳೆ, ಜೋಳದ ನುಚ್ಚು ಕೂಡಿಸಿ ಪುಂಡಿ ತಪ್ಪಲನ್ನು ಬೇಯಿಸಿ, ಕಾಳುಮೆಣಸಿನ ಪುಡಿ ಹಾಕಿ ನೋಡಿದೆ. ಬೇಯುವಾಗಲೇ ಹಾಕಿದರೆ ಖಾರ ಸತ್ತು ಕಹಿ ಉಳಿಯುತ್ತದೆ. ಇಳಿಸುವಾಗ ಹಾಕಿದರೆ ಹಸಿ ಘಾಟು ಗಂಟಲಿಗೆ ಹತ್ತುತ್ತದೆ. ಬೆಳ್ಳುಳ್ಳಿ ಒಗ್ಗರಣೆಯಿಂದ ಘಮವೇನೋ ಬಂತು, ಆದರೆ ಶೇಂಗಾ ಇಲ್ಲದೆ ಪುಂಡಿಯ ಹುಳಿ ತಗ್ಗಲಿಲ್ಲ. ಮೆಂತ್ಯೆ ಪಲ್ಯ ಮಾಡಿಬಿಡಿ ಎಂದು ಕೆಲವರು ಹೇಳಿದರು. ನನಗೆ ಪುಂಡಿಯೇ ಬೇಕು.

ಅನುಭವವುಳ್ಳವರು ದಯವಿಟ್ಟು ತಿಳಿಸಿ: ಕಾಳುಮೆಣಸನ್ನು ಹುರಿದು ಕುಟ್ಟಿ ಒಗ್ಗರಣೆಗೇ ಹಾಕಬೇಕೇ, ಅಥವಾ ಬೇರೆ ಯಾವ ಹಂತದಲ್ಲಿ? ಹುಳಿ ತಗ್ಗಿಸಲು ಶೇಂಗಾ ಬದಲು ಎಳ್ಳು ಹಾಕಬಹುದೇ, ಅಥವಾ ನುಚ್ಚನ್ನೇ ಹೆಚ್ಚಿಸಬೇಕೇ?