‘ವೆಟ್ಟೆ’: ಒಪ್ಪಂದವೋ, ಪಂದ್ಯವೋ, ಪಣವೋ?

ಜರ್ಮನ್ ಕವಿ ಗಯಟೆಯ ‘ಫೌಸ್ಟ್’ ನಾಟಕದ ಮೊದಲ ಭಾಗವನ್ನು (1808) ಕನ್ನಡಿಸುತ್ತಿರುವ ನಾನು ‘ವೆಟ್ಟೆ’ (ಸೋಲು ಗೆಲುವಿನ ಮೇಲೆ ಏನನ್ನಾದರೂ ಒಡ್ಡುವುದು) ಎಂಬ ಒಂದು ಜರ್ಮನ್ ಪದದ ಬಳಿ ಹಲವು ದಿನಗಳಿಂದ ನಿಂತುಬಿಟ್ಟಿದ್ದೇನೆ. ಬಲ್ಲವರ ಅಭಿಪ್ರಾಯ ಬೇಕಾಗಿದೆ.

ಓದುಕೋಣೆಯ ಎರಡನೆಯ ದೃಶ್ಯದಲ್ಲಿ ಸೈತಾನ ಮೆಫಿಸ್ಟೊಫೆಲಿಸ್ ಪಂಡಿತ ಫೌಸ್ಟನ ಮುಂದಿಡುವುದು ಒಂದು ಕರಾರನ್ನು. ಇಲ್ಲಿ ನಾನು ನಿನ್ನ ಊಳಿಗ ಮಾಡುತ್ತೇನೆ, ಆಚೆಯ ಲೋಕದಲ್ಲಿ ನೀನು ನನ್ನ ಊಳಿಗ ಮಾಡಬೇಕು ಎನ್ನುತ್ತಾನೆ. ಫೌಸ್ಟ್ ಇದಕ್ಕೆ ಸುಮ್ಮನೆ ಹೂಂಗುಟ್ಟದೆ ‘ವೆಟ್ಟೆ’ಗೆ ಕರೆಯುತ್ತಾನೆ: ಯಾವುದೇ ಒಂದು ಕ್ಷಣಕ್ಕೆ ನಾನು ‘ನಿಲ್ಲು, ನೀನೆಷ್ಟು ಚೆಲುವಾಗಿದ್ದೀಯೆ’ ಎಂದು ಹೇಳಿದೆನಾದರೆ ಆಗ ನನ್ನನ್ನು ಸಂಕೋಲೆಯಲ್ಲಿ ಬಿಗಿ. ಇದೇ ಕಥೆಯ ಮೇಲೆ ಬರೆದ ಇಂಗ್ಲಿಷ್ ನಾಟಕಕಾರ ಮಾರ್ಲೋನ ಡಾಕ್ಟರ್ ಫಾಸ್ಟಸ್ 24 ವರ್ಷಗಳ ಗಡುವಿಗೆ ತನ್ನ ಆತ್ಮವನ್ನು ಬರೆದುಕೊಡುವುದರಿಂದ ಅಲ್ಲಿ ‘ಕರಾರುಪತ್ರ’ ಸಲ್ಲುತ್ತದೆ. ಗಯಟೆಯಲ್ಲಿ ಗಡುವಿಲ್ಲ, ಸೋಲು ಗೆಲುವು ಇದೆ. ನೆತ್ತರಿನ ಸಹಿಯೂ ಮಾತು ಮುಗಿದ ಮೇಲೆ ಮೆಫಿಸ್ಟೊಫೆಲಿಸ್ ಕೇಳಿ ಪಡೆಯುವಂಥದ್ದು. ಆದ್ದರಿಂದ ‘ಆತ್ಮವನ್ನು ಸೈತಾನನಿಗೆ ಮಾರಿದ ಪಂಡಿತ’ ಎಂಬ ರೂಢಿಯ ಮಾತು ಈ ನಾಟಕಕ್ಕೆ ಪೂರ್ತಿ ಒಪ್ಪುವುದಿಲ್ಲ, ‘ಒಪ್ಪಂದ’ವೂ ಸಾಲದು.

‘ಪಂದ್ಯ’ ಅರ್ಥದಲ್ಲಿ ಸರಿಯಿದ್ದರೂ ಇಂದಿನ ಓದುಗನಿಗೆ ಮೊದಲು ಹೊಳೆಯುವುದು ಕ್ರಿಕೆಟ್. ‘ಬಾಜಿ’ಗೆ ದುಡ್ಡಿನ ವಾಸನೆಯಿದೆ. ನನ್ನ ಒಲವು ‘ಪಣ’ದ ಕಡೆಗೆ. ಭಾರತದ ದ್ಯೂತಪ್ರಸಂಗವನ್ನು ಕೇಳಿ ಬೆಳೆದವರಿಗೆ, ತನ್ನನ್ನೇ ಪಣಕ್ಕಿಟ್ಟ ಧರ್ಮರಾಯನ ನೆನಪಿನಿಂದ, ಫೌಸ್ಟ್ ಒಡ್ಡುತ್ತಿರುವುದು ತನ್ನನ್ನೇ ಎಂಬುದು ವಿವರಣೆಯಿಲ್ಲದೆ ತಿಳಿಯುತ್ತದೆ. ತೊಡಕೆಂದರೆ, ‘ಪಣ ತೊಡು’ ಎಂಬ ಬಳಕೆಯಿಂದ ಆ ಪದಕ್ಕೆ ಶಪಥದ ಅರ್ಥವೂ ಅಂಟಿಕೊಂಡಿದೆ. ಆದರೆ ಎಂದೂ ನೆಮ್ಮದಿಯ ಹಾಸಿಗೆಗೆ ಒರಗೆನೆಂದು ಹೊರಟವನ ಮಾತಿನಲ್ಲಿ ಶಪಥದ ಛಾಯೆ ಇದ್ದೇ ಇದೆಯಲ್ಲ, ‘ಪಣ ಒಡ್ಡು’ ಎಂಬ ಕ್ರಿಯಾಪದವನ್ನು ಬಿಡದೆ ಬಳಸಿದರೆ ಗೊಂದಲವಾಗದು ಎಂದುಕೊಂಡಿದ್ದೇನೆ. ಸ್ವರ್ಗದ ಪೂರ್ವರಂಗದಲ್ಲಿ ಮೆಫಿಸ್ಟೊಫೆಲಿಸ್ ದೇವರಿಗೆ ಸವಾಲೆಸೆಯುವಾಗಲೂ ಇದೇ ಧಾತು ಬರುವುದರಿಂದ, ಎರಡೂ ಕಡೆ ನಿಲ್ಲುವ ಪದವೇ ಬೇಕು.

ಓದುಕೋಣೆಯಲ್ಲಿ ಫೌಸ್ಟ್ ‘ವೆಟ್ಟೆ’ಗೆ ಕರೆದ ಬೆನ್ನಿಗೇ ಮೆಫಿಸ್ಟೊಫೆಲಿಸ್ ‘ಟೊಪ್!’ ಎನ್ನುತ್ತಾನೆ. ಅದು ಕೈಗೆ ಕೈ ಬಡಿದು ಮಾತು ಗಟ್ಟಿಮಾಡುವಾಗಿನ ಉದ್ಗಾರ. ದನದ ಜಾತ್ರೆಯಲ್ಲಿ ವ್ಯಾಪಾರ ಕುದುರಿದಾಗ ಕೈ ಹಿಡಿಯುವ ರೂಢಿ ನಮ್ಮಲ್ಲೂ ಇದೆ. ಆದರೆ ‘ಕೈ ಕೊಡು’ ಎಂದು ಬರೆದರೆ ಮೋಸದ ಅರ್ಥ ಇಣುಕುತ್ತದೆ, ಇಲ್ಲಿ ಅದು ಬೇಡ. ಸದ್ಯಕ್ಕೆ ‘ಹಿಡಿ ಕೈ!’ ಎಂದು ಬರೆದಿಟ್ಟಿದ್ದೇನೆ.

ನನ್ನನ್ನು ಹೆಚ್ಚು ಕಾಡುತ್ತಿರುವುದು ಈ ಪಣದ ಕೊನೆ. ಕವಿ ತೀರಿಕೊಂಡ ಮೇಲೆ, 1832ರಲ್ಲಿ ಪ್ರಕಟವಾದ ಎರಡನೆಯ ಭಾಗದ ಐದನೆಯ ಅಂಕದಲ್ಲಿ, ಕಣ್ಣು ಕಳೆದುಕೊಂಡ ಮುದುಕ ಫೌಸ್ಟ್, ಕಡಲಿನಿಂದ ಗೆದ್ದ ನೆಲದಲ್ಲಿ ಸ್ವತಂತ್ರ ಜನರ ನಡುವೆ ನಿಲ್ಲುವ ಕನಸು ಕಾಣುತ್ತ, ಕ್ಷಣಕ್ಕೆ ‘ನಿಲ್ಲು’ ಎನ್ನುವ ಅದೇ ಮಾತನ್ನು ಮತ್ತೆ ಆಡುತ್ತಾನೆ; ಆದರೆ ಕ್ರಿಯಾಪದವನ್ನು ‘ಡ್ಯುರ್ಫ್ಟ್’ ಎಂಬ ಸಂಭಾವನೆಯ ರೂಪದಲ್ಲಿಟ್ಟು. ಅವನು ಪಣದಲ್ಲಿ ಸೋತನೇ ಎಂಬ ವಾದಕ್ಕೆ ಈ ರೂಪ ಬಹಳ ಮುಖ್ಯ. ನಮ್ಮ ಸಂಭಾವನಾರ್ಥಕ ‘ಹೇಳಿಯೇನು’ ಇದಕ್ಕೆಂದೇ ಹುಟ್ಟಿದಂತಿದೆ, ಆದರೆ ಮೂಲದ ಧಾತುವಿನಲ್ಲಿರುವ ‘ಅನುಮತಿ ಇದೆ’ ಎಂಬ ಅರ್ಥ ಅದರಲ್ಲಿ ಬರುವುದಿಲ್ಲ. ‘ಹೇಳಬಹುದಾದೀತು’ ಎಂದರೆ ಎರಡೂ ಬರುತ್ತವೆ, ಸಾಯುತ್ತಿರುವವನ ಬಾಯಲ್ಲಿ ಅದು ತುಸು ಭಾರ. ನೀವಾಗಿದ್ದರೆ ಯಾವುದನ್ನು ಉಳಿಸಿಕೊಳ್ಳುತ್ತಿದ್ದಿರಿ?