‘ಬೈ ಆ್ಯಂಡ್ ಲಾರ್ಜ್’ ಎಂದರೆ ‘ಒಟ್ಟಾರೆ’ಯೇ?

ಕಳೆದ ವಾರ ದಾವಣಗೆರೆಯಲ್ಲಿ, ಮುಂಗಾರಿನ ಬಗೆಗಿನ ಒಂದು ಇಂಗ್ಲಿಷ್ ವರದಿಯ ಕನ್ನಡ ಅನುವಾದವನ್ನು ತಿದ್ದುತ್ತ ಕುಳಿತಿದ್ದೆ. ‘ಜಿಲ್ಲೆಯಲ್ಲಿ ಒಟ್ಟಾರೆ ಮಳೆ ವಾಡಿಕೆಯಷ್ಟಾಗಿದೆ’ ಎಂಬ ವಾಕ್ಯದ ಬಳಿ ಪೆನ್ನು ನಿಂತಿತು. ಮೂಲದಲ್ಲಿದ್ದದ್ದು ‘ಬೈ ಆ್ಯಂಡ್ ಲಾರ್ಜ್’.

‘ಒಟ್ಟಾರೆ’ ಎಂದರೆ ಕೂಡಿಸಿದ ಲೆಕ್ಕ. ಚನ್ನಗಿರಿಯ ಅಡಿಕೆ ತೋಟಗಳಲ್ಲಿ ಸುರಿದದ್ದಕ್ಕೆ ಜಗಳೂರಿನಲ್ಲಿ ಉದುರಿದ ನಾಲ್ಕು ಹನಿಯನ್ನು ಸೇರಿಸಿ ಸರಾಸರಿ ತೆಗೆದರೆ ವಾಡಿಕೆ ಮಳೆ ಸಿಕ್ಕೀತು. ಇಂಗ್ಲಿಷ್ ವಾಕ್ಯ ಹೇಳಿದ್ದು ಅದನ್ನಲ್ಲ. ಹೆಚ್ಚಿನ ಕಡೆ ವಾಡಿಕೆಯಷ್ಟಾಗಿದೆ, ಕೆಲವು ಕಡೆ ಆಗಿಲ್ಲ ಎಂದು ಅದರ ಅರ್ಥ. ಮೆಕ್ಕೆಜೋಳದ ಸುಳಿ ಬಾಡುವುದನ್ನು ಬದುವಿನ ಮೇಲೆ ನಿಂತು ನೋಡುತ್ತಿರುವ ರೈತ ಆ ‘ಕೆಲವು ಕಡೆ’ಯಲ್ಲಿದ್ದಾನೆ. ನಮ್ಮ ಅನುವಾದ ಅವನನ್ನೇ ಅಳಿಸಿಬಿಟ್ಟಿತ್ತು.

‘ಲಾರ್ಜ್’ ಎಂದೊಡನೆ ದೊಡ್ಡದು, ಇಡಿಯಾದದ್ದು ಎಂದು ನೆನೆಯುವುದರಿಂದ ಈ ತಪ್ಪಾಗುತ್ತದೆ ಎಂದು ನನ್ನ ಎಣಿಕೆ. ಆದರೆ ‘ಬೈ ಆ್ಯಂಡ್ ಲಾರ್ಜ್’ ಹಾಯಿಹಡಗಿನವರ ಮಾತು. ಗಾಳಿ ಬರುವ ದಿಕ್ಕಿಗೆ ಆದಷ್ಟು ಹತ್ತಿರವಾಗಿ, ಹಾಯಿಯನ್ನು ಬಿಗಿದು ಸಾಗುವುದು ‘ಬೈ’. ಗಾಳಿ ಹಿಂಬದಿಯಿಂದಲೋ ಹಿಂದಿನ ಓರೆಯಿಂದಲೋ ಬೀಸುವಾಗ ಹಾಯಿ ಸಡಿಲಿಸಿ ಓಡುವುದು ‘ಲಾರ್ಜ್’. 1669ರಲ್ಲಿ ಅಚ್ಚಾದ ನಾವಿಕರ ಪುಸ್ತಕವೊಂದರಲ್ಲೇ ಈ ಜೋಡಿ ಇದೆ. ಎರಡೂ ಬಗೆಯ ಗಾಳಿಗೆ ಒಗ್ಗುವ ಹಡಗನ್ನು ಕುರಿತ ಮಾತು ದಡ ಹತ್ತಿ, ‘ಹೆಚ್ಚಿನ ಸಂದರ್ಭಗಳಲ್ಲಿ’ ಎಂಬ ಅರ್ಥಕ್ಕೆ ತಿರುಗಿತು. ನಮ್ಮ ಬಯಲುಸೀಮೆಯಲ್ಲಿ ಗಾಳಿಯ ಗಾದೆ ಹುಟ್ಟಿದ್ದು ಕಣದಲ್ಲಿ: ‘ಗಾಳಿ ಬಂದಾಗ ತೂರಿಕೋ.’ ಅರ್ಥ ಬೇರೆಯಾದರೂ, ಗಾಳಿಯ ಮಾತನ್ನು ಅವರಿಗೆ ಕಡಲು ಕೊಟ್ಟರೆ ನಮಗೆ ರಾಶಿ ಕೊಟ್ಟಿದೆ.

ಕನ್ನಡದಲ್ಲಿ ಏನೆನ್ನಬೇಕು? ನನಗೆ ‘ಬಹುಮಟ್ಟಿಗೆ’ ಹಿಡಿಸುತ್ತದೆ. ‘ಅವರ ಮಾತು ಬಹುಮಟ್ಟಿಗೆ ನಿಜ’ ಎಂದಾಗ ನಿಜವಲ್ಲದ ಚೂರೊಂದು ಉಳಿದಿದೆ ಎಂದು ಕೇಳಿದವರಿಗೆ ತಾನಾಗಿ ತಿಳಿಯುತ್ತದೆ. ಮಳೆಯಂತೆ ಊರುಗಳನ್ನೋ ಜನರನ್ನೋ ಎಣಿಸುವ ಸಂದರ್ಭವಾದರೆ ‘ಬಹುತೇಕ ಕಡೆ’, ‘ಬಹುಪಾಲು ಮಂದಿ’ ಇನ್ನೂ ನೇರ. ‘ಹೆಚ್ಚುಕಡಿಮೆ’ ಅಂದಾಜಿನ ಮಾತು. ‘ಹೆಚ್ಚುಕಡಿಮೆ ಹತ್ತು ಚೀಲ’ ಎನ್ನುವಲ್ಲಿ ಅದಕ್ಕೆ ಜಾಗ. ‘ಸಾಮಾನ್ಯವಾಗಿ’ ರೂಢಿಯನ್ನು ಹೇಳುತ್ತದೆ. ‘ಒಟ್ಟಿನಲ್ಲಿ’ ಎಂದರಂತೂ ಮಾತು ಮುಗಿಸಲು ಹೊರಟಂತೆ: ‘ಒಟ್ಟಿನಲ್ಲಿ ಮದುವೆ ಆಯಿತು.’

ಪದದ ಜಾಗವೂ ಮುಖ್ಯ. ಇಂಗ್ಲಿಷಿನವರು ವಾಕ್ಯದ ತಲೆಯಲ್ಲಿಟ್ಟು ಅಲ್ಪವಿರಾಮ ಹಾಕುತ್ತಾರೆಂದು ನಾವೂ ‘ಬಹುಮಟ್ಟಿಗೆ, ಬೆಳೆ ಚೆನ್ನಾಗಿದೆ’ ಎಂದು ಬರೆಯಬೇಕಿಲ್ಲ. ‘ಬೆಳೆ ಬಹುಮಟ್ಟಿಗೆ ಚೆನ್ನಾಗಿದೆ’ ಎಂದರೆ ಸಾಕು.

ವರದಿಯಲ್ಲಿ ಕೊನೆಗೆ ‘ಜಿಲ್ಲೆಯ ಬಹುತೇಕ ಕಡೆ ವಾಡಿಕೆಯಷ್ಟು ಮಳೆಯಾಗಿದೆ’ ಎಂದು ತಿದ್ದಿದ್ದೇನೆ. ಕರಾವಳಿಯ ಬಲ್ಲವರಲ್ಲಿ ಒಂದು ಕೇಳಿಕೆ: ಹಾಯಿದೋಣಿ ನಡೆಸುತ್ತಿದ್ದ ನಿಮ್ಮ ಹಿರಿಯರು ಈ ಎರಡು ಬಗೆಯ ಸಾಗುವಿಕೆಯನ್ನು ಏನೆಂದು ಕರೆಯುತ್ತಿದ್ದರು? ತಿಳಿದವರು ದಯವಿಟ್ಟು ಬರೆಯಿರಿ.