ಜಿಮ್ನಿ ಹಿಂದೆ ಕ್ಯಾಂಪಿಂಗ್ ಟ್ರೇಲರ್: ಟ್ರ್ಯಾಕ್ಟರ್ ಟ್ರೇಲರ್ ಶಾಪಿನ ಅಳತೆ ನಡೆಯುತ್ತಾ?

ಬಾತಿಗುಡ್ಡ 17
ಮಾರುತಿ ಜಿಮ್ನಿಗೆ (ಸಣ್ಣ 4x4 ಕಾರು) ಕಟ್ಟಿ ಎಳೆಯೋಕೆ ಕ್ಯಾಂಪಿಂಗ್ ಟ್ರೇಲರ್ ಬೇಕು. ಓಡಾಟ ಶಾಂತಿಸಾಗರದ ಸುತ್ತಲ ಕಚ್ಚಾ ದಾರಿ, ವಾಣಿವಿಲಾಸ ಸಾಗರದ ಕಡೆ, ಚಳ್ಳಕೆರೆ ಎರೆ ನೆಲ, ನಡುವೆ ಹೈವೇ 48. ದಾವಣಗೆರೆಯ ಟ್ರ್ಯಾಕ್ಟರ್ ಟ್ರೇಲರ್ ಶಾಪಿನವರು ಕೊಟ್ಟ ಅಳತೆ ಇದು: 100ರ ಸಿ ಚಾನಲ್ ಫ್ರೇಮು, 3 ಎಂಎಂ ಶೀಟಿನ ಬಾಡಿ (ಉದ್ದ 2100, ಅಗಲ 1200, ಎತ್ತರ 600), 75 ಎಂಎಂ ಚೌಕದ ಆಕ್ಸಲ್, ಪಿಕಪ್‌ನ ಹಳೇ ಕಮಾನ್ ಪಟ್ಟಿ, ಪಿನ್ ಹಾಕೋ ಕೊಂಡಿ. "ಹತ್ತು ವರ್ಷ ಅಲ್ಲಾಡಲ್ಲ" ಅಂತಾರೆ. ಮೇಲೆ ರೂಫ್‌ಟಾಪ್ ಟೆಂಟು, ಒಳಗೆ 60 ಲೀಟರ್ ನೀರು, ಫ್ರಿಜ್ಜು. ತಿದ್ದೋದಿದ್ರೆ ಕಟಿಂಗ್ ಶುರು ಆಗೋ ಮುಂಚೆ ಹೇಳ್ರಿ.

ಕಮಾನ್‌ಪಟ್ಟಿ
ಅಲ್ಲಾಡಲ್ಲ ಅನ್ನೋದು ನಿಜ, ಅಲ್ಲಾಡೋದು ಮುಂದಿರೋ ಜಿಮ್ನಿ. ಲೆಕ್ಕ ನೋಡ್ರಿ. 100ರ ಚಾನಲ್ ಮೀಟರಿಗೆ ಒಂಬತ್ತೂವರೆ ಕಿಲೋ. ಫ್ರೇಮಿಗೂ ಮೂತಿಗೂ (ಫ್ರೇಮಿಂದ ಮುಂದಕ್ಕೆ ಚಾಚಿ ಕೊಂಡಿ ಹಿಡಿಯೋ ಭಾಗ) ಸೇರಿ ಹದಿಮೂರು ಮೀಟರ್ ಹಿಡಿದ್ರೆ 120 ದಾಟುತ್ತೆ. ಅದೇ ಫ್ರೇಮನ್ನ 50x50x3 ಬಾಕ್ಸ್ ಪೈಪಲ್ಲಿ, ಮೂತಿ ಮಾತ್ರ 75x50x4ರಲ್ಲಿ ಮಾಡಿದ್ರೆ 66 ಕಿಲೋ. ಬಾಡಿ ಆರೂವರೆ ಚದರ ಮೀಟರ್: 3 ಎಂಎಂ ಶೀಟಲ್ಲಿ 153 ಕಿಲೋ, 1.2 ಎಂಎಂ ಜಿಐ ಶೀಟಲ್ಲಿ 61. ಆಕ್ಸಲ್ 75 ಚೌಕ ಅಂದ್ರೆ ಮೀಟರಿಗೆ 44 ಕಿಲೋ, 45 ಚೌಕ ಅಂದ್ರೆ 16. ಒಂದೂವರೆ ಮೀಟರಿಗೆ ಅಲ್ಲೇ 42 ಕಿಲೋ ವ್ಯತ್ಯಾಸ. ಎಲ್ಲಾ ಕೂಡಿದ್ರೆ ಒಂದು ಹಾಸಿಗೆ, ಒಂದು ಲೋಟ ಹೇರೋ ಮುಂಚೆನೇ 190 ಕಿಲೋ ದಂಡ.

ಜಿಮ್ನಿ ತೂಕ ಸುಮಾರು 1200. ಟ್ರೇಲರಿಗೆ ಬ್ರೇಕಿಲ್ಲದಿದ್ರೆ ಕಾರಿನ ಅರ್ಧ ತೂಕ ಅಥವಾ 750 ಕಿಲೋ, ಎರಡರಲ್ಲಿ ಕಡಿಮೆ ಯಾವುದೋ ಅಷ್ಟೇ ಅಂತ ಬ್ರಿಟನ್ನಿನ ನಿಯಮ. ಇಲ್ಲಿಗೂ ಅದನ್ನೇ ಗೆರೆ ಅಂತ ಇಟ್ಕೊಳ್ರಿ. ನೀರು, ಟೆಂಟು, ಸಾಮಾನು ಎಲ್ಲಾ ಸೇರಿ 600 ಮೀರಬಾರದು. ಹಗುರ ಅಳತೆಯಲ್ಲಿ 550ಕ್ಕೆ ನಿಲ್ಲುತ್ತೆ, ಶಾಪಿನ ಅಳತೆಯಲ್ಲಿ 740.

ಹರಿಹರ ಫಿಟ್ಟರ್
ಲೆಕ್ಕ ಸರಿ ಇದೆ, ಆದ್ರೆ ಬಾಕ್ಸ್ ಪೈಪಿನ ಬಗ್ಗೆ ತಕರಾರಿದೆ. ಅದು ಒಳಗಿಂದ ತುಕ್ಕು ಹಿಡಿಯುತ್ತೆ, ಹೊರಗೆ ಬಣ್ಣ ಹೊಳೀತಾ ಇರುತ್ತೆ. 3 ಎಂಎಂ ಗೋಡೆ ಒಳಗಿಂದ ತಿಂದು ಒಂದೂವರೆ ಆದ್ರೂ ಗೊತ್ತಾಗಲ್ಲ. ಚಾನಲ್ ಆದ್ರೆ ತೊಳೀಬಹುದು, ಬಡಿದು ನೋಡಬಹುದು, ನೀರು ನಿಲ್ಲಲ್ಲ. ಭಾರ ಹೆಚ್ಚು ಅನ್ನಿಸಿದ್ರೆ 75ರ ಚಾನಲ್ ಹಾಕಿ, 7 ಕಿಲೋ ಮೀಟರಿಗೆ.

ಕಮಾನ್‌ಪಟ್ಟಿ
ಚಾನಲ್ ಬಗ್ಗೋದಕ್ಕೆ ಗಟ್ಟಿ, ತಿರುಚೋದಕ್ಕೆ ಪೊಳ್ಳು. ಒಂದು ಚಕ್ರ ಬದುವಿನ ಮೇಲೆ, ಇನ್ನೊಂದು ಕಾಲುವೆಯಲ್ಲಿ ಇದ್ದಾಗ ಫ್ರೇಮು ತಿರುಚುತ್ತೆ. ಟ್ರ್ಯಾಕ್ಟರ್ ಟ್ರೇಲರಿಗೆ ಅದು ಲೆಕ್ಕಕ್ಕಿಲ್ಲ, ಹೇರೋದು ಮೆಕ್ಕೆಜೋಳ. ಇಲ್ಲಿ ಮೇಲೆ ಬಾಗಿಲಿರೋ ಪೆಟ್ಟಿಗೆ ಇದೆ. ಚೌಕಟ್ಟು ಮೂರು ಎಂಎಂ ಓರೆಯಾದ್ರೆ ಬಾಗಿಲಿನ ರಬ್ಬರ್ ಬಿಟ್ಕೊಳ್ಳುತ್ತೆ, ಧೂಳೆಲ್ಲಾ ಒಳಗೆ. ತುಕ್ಕಿನ ಮಾತು ಒಪ್ಪಬೇಕಾದ್ದೇ: ಪೈಪಿನ ತುದಿಗಳನ್ನ ಪೂರ್ತಿ ಮುಚ್ಚಿ ಬೆಸುಗೆ ಹಾಕಬೇಕು, ಇಲ್ಲಾಂದ್ರೆ ಪ್ರತಿ ಪೈಪಿನ ತಗ್ಗಿನ ಕಡೆ 8 ಎಂಎಂ ತೂತು ಬಿಟ್ಟು ಒಳಗೆ ವ್ಯಾಕ್ಸ್ ಹೊಡೀಬೇಕು. ಅರ್ಧಂಬರ್ಧ ಮುಚ್ಚಿದ್ದೇ ಕೊಳೆಯೋದು.

ಹರಿಹರ ಫಿಟ್ಟರ್
ಬಾಗಿಲ ಮಾತು ಒಪ್ಪಿದೆ. ಹಂಗಾದ್ರೆ ಬೆಸುಗೆ ಬಗ್ಗೆ ಶಾಪಿನವರಿಗೆ ಬರೆದೇ ಕೊಡಿ. ಮೂತಿಯ ಪೈಪು ಫ್ರೇಮಿನ ಮೊದಲ ಅಡ್ಡಪಟ್ಟಿ ಸೇರೋ ಜಾಗದಲ್ಲೇ ಬಿರುಕು ಬಿಡೋದು, ಬಗ್ಗೋ ಬಲ ಅತಿ ಹೆಚ್ಚು ಬೀಳೋದು ಅಲ್ಲಿ. ಆ ಜಾಗದಲ್ಲಿ ಪೈಪಿನ ಮೇಲ್ಮೈ, ಕೆಳಮೈಗೆ ಅಡ್ಡಡ್ಡ ಬೆಸುಗೆ ಎಳೀಬಾರದು, ತೂತೂ ಕೊರೀಬಾರದು. ಪಕ್ಕದ ಮೈಯಲ್ಲಿ ಉದ್ದಕ್ಕೆ ಬೆಸುಗೆ. ಮೂತಿ ಅಲ್ಲಿಗೇ ನಿಲ್ಲದೆ ಫ್ರೇಮಿನ ಕೆಳಗೆ 700 ಎಂಎಂ ಒಳಗೆ ಹೋಗಿ ಎರಡನೇ ಅಡ್ಡಪಟ್ಟಿಗೆ ಸೇರಬೇಕು. ಬಲಕ್ಕೆ ಅಂತ ಪ್ಲೇಟ್ ಇಟ್ರೆ ತುದಿ ಚೂಪಾದ ವಜ್ರದ ಆಕಾರ ಇರಲಿ, ಚೌಕ ಪ್ಲೇಟಿನ ಅಂಚಲ್ಲೇ ಹೊಸ ಬಿರುಕು ಶುರುವಾಗುತ್ತೆ. 6013 ವೆಲ್ಡಿಂಗ್ ರಾಡು ಶೀಟಿಗೆ ಸಾಕು, ಮೂತಿಗೂ ಕಮಾನ್ ಪಟ್ಟಿ ಫ್ರೇಮಿಗೆ ಸೇರೋ ಹ್ಯಾಂಗರಿಗೂ 7018. ಡಬ್ಬಿ ಒಡೆದು ತಿಂಗಳುಗಟ್ಟಲೆ ಬಿದ್ದಿರೋ 7018 ತೇವ ಕುಡಿದಿರುತ್ತೆ, ಒಲೆಯಲ್ಲಿ ಒಣಗಿಸದೆ ಬಳಸಿದ್ರೆ 6013ಕ್ಕಿಂತ ಕಡೆ.

ದುರ್ಗದ ಗಾಳಿ
ನನಗೆ ಮೇಲಿನ ಟೆಂಟೇ ಚಿಂತೆ ಕಣ್ರೀ. ಜೋಗಿಮಟ್ಟಿ ಮೇಲೆ ಗಾಳಿಗಿರಣಿ ಸುಮ್ಮನೆ ನೆಟ್ಟಿಲ್ಲ. ಆಷಾಢದ ಗಾಳಿಯಲ್ಲಿ ದುರ್ಗ ದಾಟುವಾಗ ಲಾರಿ ಪಕ್ಕದಿಂದ ಹಾದರೆ ಎತ್ತರದ ಹಗುರ ಟ್ರೇಲರ್ ಬಾಲ ಆಡಿಸೋಕೆ ಶುರು ಮಾಡುತ್ತೆ. ಅದಕ್ಕೆ ಮದ್ದು ಇರೋದು ಕೊಂಡಿಯ ಮೇಲಿನ ಭಾರದಲ್ಲಿ. ಒಟ್ಟು ತೂಕದ ಶೇ. 8ರಿಂದ 10 ಕೊಂಡಿಯ ಮೇಲೆ ಕೂರಬೇಕು. 600 ಕಿಲೋಗೆ 50 ಅಂತ ಹಿಡಿಯಿರಿ. ಕೊಂಡಿಯಿಂದ ಫ್ರೇಮಿನ ಮುಂತುದಿಗೆ 1.2 ಮೀಟರ್, ಅಲ್ಲಿಂದ ಆಕ್ಸಲಿಗೆ 1.3 ಮೀಟರ್, ಒಟ್ಟು 2.5. ಆಗ ಇಡೀ ತೂಕದ ನಡುಬಿಂದು ಆಕ್ಸಲ್‌ಗಿಂತ 20 ಸೆಂ.ಮೀ. ಮುಂದಿದ್ದರೆ ಲೆಕ್ಕ ಕೂಡುತ್ತೆ. ಮುಂದಿನ 1.2 ಮೀಟರ್ ಕಡಿಮೆ ಮಾಡಬೇಡಿ, ಇಕ್ಕಟ್ಟಲ್ಲಿ ಹಿಂದಕ್ಕೆ ತಿರುಗಿಸುವಾಗ ಪೆಟ್ಟಿಗೆಯ ಮೂಲೆ ಜಿಮ್ನಿಯ ದೀಪಕ್ಕೆ ಬಡಿಯುತ್ತೆ.

ನೀರಿನ ಟ್ಯಾಂಕು ಆಕ್ಸಲ್‌ಗೆ ತೀರಾ ಹತ್ತಿರ ಇರಲಿ. ಒಂದು ಮೀಟರ್ ಮುಂದಿಟ್ಟರೆ ತುಂಬಿದಾಗ ಕೊಂಡಿಗೆ 24 ಕಿಲೋ ಹೆಚ್ಚು, ಖಾಲಿಯಾದಾಗ ಅಷ್ಟೂ ಮಾಯ. ಹೋಗುವಾಗ ನೆಟ್ಟಗಿದ್ದ ಟ್ರೇಲರ್ ವಾಪಸ್ ಬರುವಾಗ ಬಾಲ ಆಡಿಸೋದು ಹೀಗೇ. 20 ಸೆಂ.ಮೀ. ಮುಂದಿಟ್ಟರೆ ವ್ಯತ್ಯಾಸ ಐದು ಕಿಲೋ ಅಷ್ಟೇ. ಸ್ಟೆಪ್ನಿಯನ್ನ ಹಿಂದಿನ ಬಾಗಿಲಿಗೆ ನೇತು ಹಾಕೋ ಶೋಕಿ ಬೇಡ, ಮೂತಿಯ ಮೇಲೆ ಮಲಗಿಸಿ.

ಎರೆಹೊಲ
ಪಿನ್ನಿನ ಕೊಂಡಿ ಯಾಕೆ ಬೇಡ ಅಂತ ಯಾರೂ ಹೇಳಲಿಲ್ಲ. ಟ್ರ್ಯಾಕ್ಟರಿಗೆ ಅದೇ ಸರಿ: ಎಷ್ಟು ಓರೆಯಾದ್ರೂ ಸಡಿಲ ತಡ್ಕೊಳ್ಳುತ್ತೆ, ವೇಗ ಇಪ್ಪತ್ತು. ಅದೇ ಸಡಿಲ 80ರ ವೇಗದಲ್ಲಿ ಪ್ರತಿ ಬ್ರೇಕಿಗೂ ಸುತ್ತಿಗೆ ಏಟು. ಪಿನ್ನು ಸವೆದು, ಕಣ್ಣು ಮೊಟ್ಟೆಯಾಕಾರ ಆಗಿ, ಕೊನೆಗೆ ಕಾರಿನ ಹಿಂದಿನ ಬೋಲ್ಟು ಸಡಿಲಾಗುತ್ತೆ. 50 ಎಂಎಂ ಬಾಲ್ ಕೊಂಡಿಯಲ್ಲಿ ಆ ಸಡಿಲ ಇಲ್ಲ, ಆದ್ರೆ ಓರೆ ತಿರುವು ಇಪ್ಪತ್ತು ಡಿಗ್ರಿ ಆಸುಪಾಸಿಗೆ ಮುಗೀತು. ಎರೆಯಲ್ಲಿ ಒಂದು ಚಕ್ರ ಹೂತ್ರೆ ಅದು ಸಾಲಲ್ಲ. ಬಾಲಿನ ಹಿಂದೆ ತನ್ನ ಸುತ್ತ ತಿರುಗೋ ಶಾಫ್ಟಿರೋ ಆಫ್‌ರೋಡ್ ಕೊಂಡಿ ತರಿಸಿ. ದುಡ್ಡು ಸುರಿಯೋಕೆ ಇದೇ ಜಾಗ.

ಬಾತಿಗುಡ್ಡ 17
ಆ ಶಾಫ್ಟನ್ನ ಲೇತಲ್ಲಿ ಇಲ್ಲೇ ಮಾಡಿಸಿದ್ರೆ?

ಹರಿಹರ ಫಿಟ್ಟರ್
ಮಾಡಿಸಬಹುದು, ಮಾಡಿಸಬೇಡಿ. ಥ್ರೆಡ್ ಶುರುವಾಗೋ ಕಡೆ ಲೇತಿನವರು ಚೂಪಾದ ಮೂಲೆ ಬಿಡ್ತಾರೆ, ಅಲ್ಲೇ ದಣಿದು ತುಂಡಾಗೋದು. ತುಂಡಾದ್ರೆ ಉಳಿಯೋದು ಸೇಫ್ಟಿ ಚೈನು ಮಾತ್ರ. ಚೈನು ಎರಡು ಇರಲಿ, ಕೊಂಡಿಯ ಕೆಳಗೆ ಅಡ್ಡಡ್ಡ ದಾಟಿಸಿ ಹಾಕಿ. ಆಗ ಮೂತಿ ನೆಲಕ್ಕೆ ಕುಟ್ಟದೆ ಚೈನಿನ ತೊಟ್ಟಿಲಲ್ಲಿ ಬೀಳುತ್ತೆ.

ಕಮಾನ್‌ಪಟ್ಟಿ
ನನ್ನ ಹೆಸರಿನ ವಿಷಯಕ್ಕೆ ಬರ್ತೀನಿ. ಪಿಕಪ್ ಪಟ್ಟಿ ಟನ್ನುಗಟ್ಟಲೆ ಹೊರೋಕೆ ಮಾಡಿದ್ದು. 600 ಕಿಲೋ ಟ್ರೇಲರ್ ಕೆಳಗೆ ಅದು 25 ಎಂಎಂ ಕೂಡ ಬಗ್ಗಲ್ಲ, ಸೆಕೆಂಡಿಗೆ ಮೂರು ಸಲಕ್ಕಿಂತ ಹೆಚ್ಚು ಕುಣಿಯುತ್ತೆ. ಮೊಟ್ಟೆ ಒಡೆಯೋದಿರಲಿ, ಫ್ರಿಜ್ಜಿನ ಪೈಪು ಬಿರುಕು ಬಿಡುತ್ತೆ. ಅಳೆಯೋದು ಸುಲಭ: ಫ್ರೇಮಿಗೆ ಜಾಕ್ ಕೊಟ್ಟು ಚಕ್ರ ನೇತಾಡುವಾಗ ಆಕ್ಸಲಿಗೂ ಫ್ರೇಮಿಗೂ ಇರೋ ಅಂತರ ಬರ್ಕೊಳ್ರಿ, ಪೂರ್ತಿ ಹೇರಿ ಇಳಿಸಿದ ಮೇಲೆ ಮತ್ತೆ ಅಳೀರಿ. ವ್ಯತ್ಯಾಸ 70ರಿಂದ 90 ಎಂಎಂ ಬರಬೇಕು. ಬರದಿದ್ರೆ ಕೆಳಗಿನ ಗಿಡ್ಡ ಪಟ್ಟಿಗಳನ್ನ ಒಂದೊಂದಾಗಿ ತೆಗೀರಿ. ಮೊದಲ ಪಟ್ಟಿಯ ತುದಿಯ ಕಣ್ಣಿಗೆ ಸುತ್ತಿರೋ ಎರಡನೇ ಪಟ್ಟಿ ಮುಟ್ಟಬೇಡಿ, ಮೊದಲ ಪಟ್ಟಿ ಮುರಿದ ದಿನ ಆಕ್ಸಲನ್ನ ಹಿಡಿಯೋದು ಅದೇ. ಪಟ್ಟಿ ಕಡಿಮೆಯಾದಾಗ ಯು ಬೋಲ್ಟಿನ ಥ್ರೆಡ್ ಮುಗಿದು ಹೋಗಿ ಬಿಗಿ ಆಯ್ತು ಅಂತ ಮೋಸ ಹೋಗೋದೂ ಉಂಟು, ಗಿಡ್ಡ ಯು ಬೋಲ್ಟ್ ಹಾಕಿಸಿ. ನೂರು ಕಿಲೋಮೀಟರಿಗೆ ಒಂದ್ಸಲ, ಐನೂರಕ್ಕೆ ಇನ್ನೊಂದ್ಸಲ ಬಿಗಿ ನೋಡಿ. ಹಿಂದಿನ ಶ್ಯಾಕಲ್ (ಪಟ್ಟಿಯ ಹಿಂತುದಿಯನ್ನ ಫ್ರೇಮಿಗೆ ಸೇರಿಸೋ ಆಡುವ ತುಂಡು) ನೆಟ್ಟಗೆ ನಿಲ್ಲಬಾರದು, ಹಿಂದಕ್ಕೆ ವಾಲಿರಬೇಕು. ನೆಟ್ಟಗಿದ್ರೆ ದೊಡ್ಡ ಗುಂಡಿಯಲ್ಲಿ ಉಲ್ಟಾ ಮಡಚಿ ಅಲ್ಲೇ ಸಿಕ್ಕಿಕೊಳ್ಳುತ್ತೆ.

ಚಕ್ರ ಜಿಮ್ನಿದೇ ಹಾಕಿ, 195/80 ಆರ್15, ಹಬ್ಬಿನ ಪಿಸಿಡಿ (ಬೋಲ್ಟುಗಳು ಕೂರೋ ವೃತ್ತದ ಅಳತೆ) 5x139.7. ಸ್ಟೆಪ್ನಿ ಎರಡಕ್ಕೂ ಆಗುತ್ತೆ. ಎರಡು ಚಕ್ರದ ನಡುವಿನ ಅಂತರ ಜಿಮ್ನಿಯಷ್ಟೇ, ಸುಮಾರು 1400 ಇರಲಿ. ಎರೆಯಲ್ಲಿ ಜಿಮ್ನಿ ತುಳಿದ ಜಾಡಲ್ಲೇ ಟ್ರೇಲರ್ ಬರುತ್ತೆ, ಹೊಸ ಜಾಡು ಕೊರೆಯೋ ಭಾರ ಎಂಜಿನ್ ಮೇಲೆ ಬೀಳಲ್ಲ.

ಎರೆಹೊಲ
ಹಬ್ ಬೇರಿಂಗ್ ಮರೀಬೇಡಿ. ಹೈವೇಯಲ್ಲಿ ಕಾದ ಹಬ್ಬನ್ನ ಸೀದಾ ಹಳ್ಳಕ್ಕೆ ಇಳಿಸಿದ್ರೆ ಒಳಗಿನ ಗಾಳಿ ತಟ್ಟನೆ ತಣಿದು ಕುಗ್ಗುತ್ತೆ, ಸೀಲಿನ ಅಂಚಿಂದ ನೀರು ಎಳ್ಕೊಳ್ಳುತ್ತೆ. ಹತ್ತು ನಿಮಿಷ ದಡದಲ್ಲಿ ನಿಲ್ಲಿಸಿ ಇಳಿಸಿ. ಟೇಪರ್ ಬೇರಿಂಗ್ ನಟ್ಟನ್ನ ಚಕ್ರ ತಿರುಗಿಸ್ತಾ ಬಿಗಿ ಮಾಡಿ, ಆಮೇಲೆ ಸ್ವಲ್ಪ ಸಡಿಲಿಸಿ, ಹೊಸ ಸ್ಪ್ಲಿಟ್ ಪಿನ್ ಹಾಕಿ. ಪೂರ್ತಿ ಬಿಗಿದು ಬಿಟ್ಟ ಬೇರಿಂಗ್ ಹಿರಿಯೂರು ತಲುಪೋದ್ರೊಳಗೆ ನೀಲಿಗಟ್ಟುತ್ತೆ.

ದುರ್ಗದ ಗಾಳಿ
ಕರೆಂಟಿನ ಕಡೆ ಒಂದೇ ತಪ್ಪು ಎಲ್ಲರೂ ಮಾಡ್ತಾರೆ, ಸಣ್ಣ ವೈರು. ಕಾರಿನ ಬ್ಯಾಟರಿಯಿಂದ ಟ್ರೇಲರಿಗೆ ಏಳು ಮೀಟರ್, ಹೋಗಿ ಬರೋಕೆ ಹದಿನಾಲ್ಕು. 6 ಸ್ಕ್ವೇರ್ ಎಂಎಂ ತಾಮ್ರದಲ್ಲಿ 20 ಆಂಪಿಗೆ 0.8 ವೋಲ್ಟ್ ದಾರಿಯಲ್ಲೇ ಹೋಯ್ತು. 16 ಹಾಕಿದರೆ 0.3. ಎರಡೂ ಬ್ಯಾಟರಿ ಪಕ್ಕದಲ್ಲಿ ಒಂದೊಂದು ಫ್ಯೂಸು, ಟ್ರೇಲರ್ ಒಳಗೆ ಡಿಸಿ ಟು ಡಿಸಿ ಚಾರ್ಜರು (ಕಾರಿನ ಕರೆಂಟನ್ನ ಟ್ರೇಲರ್ ಬ್ಯಾಟರಿಗೆ ಹೊಂದೋ ವೋಲ್ಟಿಗೆ ತರೋದು). 100 ಆಂಪವರ್ ಲಿಥಿಯಂ ಫಾಸ್ಫೇಟ್ ಬ್ಯಾಟರಿ ಅಂದ್ರೆ 1280 ವ್ಯಾಟವರ್, ಫ್ರಿಜ್ಜಿಗೆ ಎರಡು ದಿನ ಧಾರಾಳ. ಏಪ್ರಿಲಲ್ಲಿ ಮುಚ್ಚಿದ ತಗಡಿನ ಡಬ್ಬದೊಳಗೆ ಬ್ಯಾಟರಿ ಬಿಸಿಯಾದರೆ ಅದರೊಳಗಿನ ಕಾವಲು ಸರ್ಕ್ಯೂಟು ಬಿಎಂಎಸ್ಸೇ ಕಟ್ ಮಾಡುತ್ತೆ, ಬ್ಯಾಟರಿ ಕೆಟ್ಟಿತು ಅಂತ ಗಾಬರಿಯಾಗೋದು ಬೇಡ, ತಂಪಾದ ಮೇಲೆ ಬರುತ್ತೆ. ಗ್ಯಾಸ್ ಸಿಲಿಂಡರಿನ ಖಾನೆಗೆ ಗಾಳಿ ಕಿಂಡಿ ತಳದಲ್ಲೇ ಇರಲಿ, ಎಲ್‌ಪಿಜಿ ಗಾಳಿಗಿಂತ ಭಾರ.

ಎರೆಹೊಲ
ಕಾಗದದ ಮಾತೂ ಬೇಕು. ಕಾಯ್ದೆ ಪ್ರಕಾರ ಟ್ರೇಲರೂ ಒಂದು ವಾಹನವೇ, ನೋಂದಣಿ ಇಲ್ಲದೆ ರಸ್ತೆಗೆ ತರೋ ಹಾಗಿಲ್ಲ. ಕೃಷಿ ಟ್ರೇಲರ್ ಅಂತ ಬರೆಸಿ ಕಾರಿಗೆ ಕಟ್ಟೋ ಸಲಹೆ ಯಾರಾದ್ರೂ ಕೊಟ್ರೆ ಕೇಳಬೇಡಿ, ಅಪಘಾತದ ದಿನ ವಿಮೆಯವರು ಮೊದಲು ನೋಡೋದು ಅದನ್ನೇ. ಕಟಿಂಗ್‌ಗೆ ಮುಂಚೆ ಡ್ರಾಯಿಂಗ್ ಹಿಡ್ಕೊಂಡು ಆರ್‌ಟಿಒ ಕಚೇರಿಗೆ ಹೋಗಿ ಬನ್ನಿ.

ಬಾತಿಗುಡ್ಡ 17
ಸರಿ. ಬಾಕ್ಸ್ ಪೈಪು, 1.2 ಶೀಟು, 45 ಚೌಕದ ಆಕ್ಸಲ್, ತಿರುಗೋ ಬಾಲ್ ಕೊಂಡಿ, ಪಟ್ಟಿ ಕಳಚಿ ಅಳತೆ. ಆರ್‌ಟಿಒ ಮೊದಲು. ಕೊಂಡಿ ಮೇಲಿನ ಭಾರ ಎಪಿಎಂಸಿ ಹತ್ರ ವೇ ಬ್ರಿಡ್ಜಲ್ಲಿ ನೋಡಬಹುದಾ?

ಕಮಾನ್‌ಪಟ್ಟಿ
ಒಟ್ಟು ತೂಕ ಅಲ್ಲಿ ನೋಡ್ರಿ. ಕೊಂಡಿಯ 50 ಕಿಲೋಗೆ ಲಾರಿ ಕಾಟಾ ನಂಬಬೇಡಿ, ಐದು ಹತ್ತು ಕಿಲೋ ಅದರ ಕಣ್ಣಿಗೆ ಬೀಳಲ್ಲ. ಮನೆಯಲ್ಲಿ ಮೈತೂಕ ನೋಡೋ ಕಾಟಾ ಸಾಕು. ಅದರ ಮೇಲೆ ಮರದ ತುಂಡು ನಿಲ್ಲಿಸಿ, ಜಿಮ್ನಿಯ ಬಾಲ್ ಎಷ್ಟು ಎತ್ತರವೋ ಅಷ್ಟೇ ಎತ್ತರಕ್ಕೆ ಮೂತಿ ಕೂರಿಸಿ. ಚಕ್ರಕ್ಕೆ ಕಲ್ಲು ಕೊಡೋದು ಮರೀಬೇಡಿ. ನೀರು ತುಂಬಿ ಒಮ್ಮೆ, ಖಾಲಿ ಮಾಡಿ ಒಮ್ಮೆ.